ಸ್ಮೃತಿಯ ಸ್ಥಾನವೂ ಸಂಬಂಧವೂ: ಆಲ್ಝೈಮರ್ ವ್ಯಾಧಿಯ ಇತಿಹಾಸ ವಿಚಾರ

೧

ಮುಪ್ಪು ಬಂದೊಡನೆ ಮರೆವೂ ಬರುವುದೆಂಬುದು ಲೋಕದಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ‘ಅರುವತ್ತಕ್ಕೆ ಅರಳುಮರಳು’ ಎಂಬ ಕನ್ನಡದ ಗಾದೆ ಆ ನಂಬಿಕೆಯನ್ನೇ ನುಡಿಯುತ್ತದೆ. ತಲೆ ನರೆತಂತೆ ಬುದ್ಧಿಯೂ ಮಂಕಾಗುವುದು ವಯೋಧರ್ಮವೆಂದು ತಿಳಿದ ಮೇಲೆ ಅದಕ್ಕೆ ಕಾರಣವನ್ನು ಹುಡುಕುವ ಅಗತ್ಯವೇ ತೋರುವುದಿಲ್ಲ. ಆದರೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಈ ನಂಬಿಕೆ ಶಿಥಿಲವಾಗಿದೆ. ವೃದ್ಧಾಪ್ಯದಲ್ಲಿ ಕಂಡುಬರುವ ತೀವ್ರವಾದ ಬುದ್ಧಿಕ್ಷಯವು ಮಿದುಳಿನ ನಿಶ್ಚಿತವಾದ ವ್ಯಾಧಿಗಳಿಂದ ಉಂಟಾಗತಕ್ಕುದೆಂದೂ, ಅವುಗಳಲ್ಲಿ ಆಲ್ಝೈಮರ್ ವ್ಯಾಧಿಯೇ ಎಲ್ಲಕ್ಕಿಂತ ವ್ಯಾಪಕವಾದುದೆಂದೂ ಈಗ ಸಿದ್ಧವಾಗಿದೆ. ಈ ವ್ಯಾಧಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಸೂಕ್ಷ್ಮದರ್ಶಕದಲ್ಲಿ ಕಂಡ ಕಲೆಗಳಿಂದ ಆರಂಭಿಸಿ ಔಷಧಗಳಲ್ಲಿ ಮುಗಿಸುತ್ತಾರೆ. ರೋಗಿಯು ಮರೆಯುವುದು ಏನನ್ನು, ಹೇಗೆ ಎಂಬ ಪ್ರಶ್ನೆಗೆ ಅಂತಹ ಚರಿತ್ರೆಯಲ್ಲಿ ದೊರೆಯುವ ಸ್ಥಳ ಅಲ್ಪ. ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನೋಡಿದರೆ ಅದೇ ಚರಿತ್ರೆಯಲ್ಲಿ ಬೇರೊಂದು ಕ್ರಮ ಗೋಚರವಾಗುತ್ತದೆ. ಅದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಮರೆವು ಎಂಬ ಒಂದು ಮಾತು ಹಲವು ಸಂಗತಿಗಳನ್ನು ಒಳಗೊಂಡಿದೆ. ಭಾರತೀಯ ಶಾಸ್ತ್ರಕಾರರು ಬುದ್ಧಿಯ ಗುಣಗಳನ್ನು ಎಣಿಸುವಾಗ ಗ್ರಹಣವನ್ನೂ ಧಾರಣವನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾರೆ: ಹಿಡಿಯುವುದು ಬೇರೆ, ಹಿಡಿದುದನ್ನು ಉಳಿಸಿಕೊಳ್ಳುವುದು ಬೇರೆ. ಇವೆರಡರ ನಡುವೆ ಮತ್ತೊಂದು ವ್ಯಾಪಾರವುಂಟು. ೪೭ಕ್ಕೆ ೩೮ನ್ನು ಬಾಯಿಲೆಕ್ಕದಲ್ಲಿ ಕೂಡುವವನು ಬಿಡಿಗಳ ಮೊತ್ತ ೧೫ ಎಂದು ಕಂಡು, ೫ನ್ನು ಬದಿಗಿಟ್ಟು, ದಶಕವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮುಂದಿನ ಸ್ಥಾನಕ್ಕೆ ಹೋಗಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕಡೆಯಲ್ಲಿ ಬರುವುದರಿಂದ, ಕೇಳುವವನು ಕರ್ತೃವನ್ನೂ ಕರ್ಮವನ್ನೂ ಅವುಗಳ ವಿಶೇಷಣಗಳನ್ನೂ ವಾಕ್ಯ ಮುಗಿಯುವವರೆಗೆ ಹೊತ್ತುಕೊಂಡಿರಬೇಕು. ಇಲ್ಲವಾದರೆ ಪ್ರತಿಯೊಂದು ಪದದ ಅರ್ಥವು ತಿಳಿದಿದ್ದರೂ ವಾಕ್ಯದ ಅರ್ಥವು ಹೊಂದುವುದಿಲ್ಲ. ಹೀಗೆ ಕೆಲಸ ನಡೆಯುತ್ತಿರುವಷ್ಟು ಹೊತ್ತು ಅದಕ್ಕೆ ಬೇಕಾದ ಸಾಮಗ್ರಿಯನ್ನು ಎತ್ತಿ ಹಿಡಿದು, ಅದರ ಮೇಲೆ ವ್ಯವಹಾರ ನಡೆಸುವ ಮನಶ್ಶಕ್ತಿಗೆ ‘ಕಾರ್ಯಸ್ಮೃತಿ’ ಎಂಬ ಹೆಸರು ಸಲ್ಲುತ್ತದೆ. ನೆನಪಿನ ಭಂಡಾರವು ಉಗ್ರಾಣದಂತಿದ್ದರೆ, ಕಾರ್ಯಸ್ಮೃತಿಯು ಅಡಿಗೆಯವನ ಮುಂದಿನ ಮಣೆಯಂತೆ.

ಆಲ್ಝೈಮರ್ ವ್ಯಾಧಿಯಲ್ಲಿ ಉಗ್ರಾಣವೂ ಕೆಡುತ್ತದೆ, ಮಣೆಯೂ ಕೆಡುತ್ತದೆ. ಆದರೆ ಅವು ಕೆಡುವ ಬಗೆ ಒಂದೇ ಅಲ್ಲ. ಮಿದುಳಿನ ಒಂದು ಸ್ಥಾನ ನಷ್ಟವಾದುದರಿಂದ ಸ್ಮೃತಿ ನಷ್ಟವಾಗುವುದೇ, ಅಥವಾ ಸ್ಥಾನಸ್ಥಾನಗಳ ನಡುವಣ ಸಂಬಂಧ ಕಡಿದುದರಿಂದಲೇ ಎಂಬ ವಿವಾದವು ಈ ವ್ಯಾಧಿಗೆ ಹೆಸರು ದೊರೆಯುವುದಕ್ಕೆ ಮೊದಲೇ ಹುಟ್ಟಿತ್ತು. ಮೊದಲನೆಯ ಪಕ್ಷವನ್ನು ಸ್ಥಾನವಾದವೆಂದೂ ಎರಡನೆಯದನ್ನು ಸಂಬಂಧವಾದವೆಂದೂ ಕರೆಯಬಹುದು.

೨

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಆಸ್ಪತ್ರೆಗೆ ೧೯೦೧ನೆಯ ನವೆಂಬರ್ ೨೫ರಂದು ಆಗುಸ್ಟೆ ಡೀಟರ್ ಎಂಬಾಕೆಯನ್ನು ಕರೆತಂದರು. ಆಕೆಗೆ ಆಗ ೫೧ ವರ್ಷ. ಗಂಡನು ರೈಲ್ವೆಯಲ್ಲಿ ಗುಮಾಸ್ತನಾಗಿದ್ದನು. ಕಾರಣವಿಲ್ಲದೆ ಗಂಡನ ಮೇಲೆ ಸಂಶಯಪಡುವುದು, ಮನೆಯ ವಸ್ತುಗಳನ್ನು ಬಚ್ಚಿಡುವುದು, ಅಡಿಗೆಯಲ್ಲಿ ತಪ್ಪುವುದು, ಇವು ಮೊದಲ ಲಕ್ಷಣಗಳು. ಮರುದಿನದಿಂದ ಅಲೋಯಿಸ್ ಆಲ್ಝೈಮರ್ (೧೮೬೪-೧೯೧೫) ಎಂಬ ವೈದ್ಯನು ಆಕೆಯನ್ನು ಪರೀಕ್ಷಿಸಿ, ತಾನು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಸ್ವಹಸ್ತದಿಂದ ಬರೆದಿಟ್ಟನು.

ಆ ಕಡತದಲ್ಲಿ ಪ್ರಕೃತಕ್ಕೆ ಮುಖ್ಯವಾದ ಸಂಗತಿಗಳು ಎರಡು. ಪೆನ್ಸಿಲು, ಲೇಖನಿ, ಬೀಗದ ಕೈ ಮುಂತಾದ ವಸ್ತುಗಳನ್ನು ತೋರಿಸಿದಾಗ ಆಕೆ ಅವುಗಳ ಹೆಸರುಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದಳು; ಸ್ವಲ್ಪ ಹೊತ್ತಾದ ಮೇಲೆ ಏನೇನು ತೋರಿಸಿತ್ತೆಂದು ಕೇಳಿದರೆ ಒಂದೂ ನೆನಪಿರಲಿಲ್ಲ. ಆಕೆಯ ಹೆಸರನ್ನು ಬರೆಯುವಂತೆ ಹೇಳಿದಾಗ ‘ಶ್ರೀಮತಿ’ ಎಂಬರ್ಥದ ಜರ್ಮನ್ ಪದವೊಂದನ್ನು ಬರೆದು ನಿಲ್ಲಿಸಿದಳು, ಉಳಿದುದು ಮರೆತುಹೋಗಿತ್ತು, ಒಂದೊಂದು ಪದವನ್ನೂ ಬೇರೆಯಾಗಿ ಹೇಳಿಕೊಡಬೇಕಾಯಿತು. ಇಲ್ಲಿ ವಿಚಾರಿಸತಕ್ಕ ಅಂಶವೇನೆಂದರೆ, ಆಕೆಗೆ ಅಕ್ಷರ ಮರೆತಿರಲಿಲ್ಲ, ಪದಗಳ ಅರ್ಥವೂ ಮರೆತಿರಲಿಲ್ಲ. ಬರೆಯುವ ಕೆಲಸವು ಮುಗಿಯುವವರೆಗೆ ಬರೆಯಬೇಕಾದುದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಇರಲಿಲ್ಲ. ಬರೆಯುವ ವ್ಯಾಪಾರವು ಬರೆಯತಕ್ಕ ವಿಷಯವನ್ನು ತಳ್ಳಿಹಾಕಿತು. ಕಾರ್ಯಸ್ಮೃತಿಯ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಆದರೆ ಅಂದಿನ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಒಂದು ಹೆಸರೂ ಇರಲಿಲ್ಲ.

ಆಗುಸ್ಟೆ ಡೀಟರ್ ೧೯೦೬ನೆಯ ಏಪ್ರಿಲ್ ೮ರಂದು ಮರಣ ಹೊಂದಿದಳು. ಆ ವೇಳೆಗೆ ಆಲ್ಝೈಮರನು ಮ್ಯೂನಿಕ್ ನಗರದಲ್ಲಿ ಎಮಿಲ್ ಕ್ರೇಪೆಲಿನನ ಬಳಿ ಕೆಲಸ ಮಾಡುತ್ತಿದ್ದನು. ಆಕೆಯ ಮಿದುಳನ್ನೂ ಕಡತವನ್ನೂ ಅಲ್ಲಿಗೆ ತರಿಸಿಕೊಂಡನು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ ನಗರದಲ್ಲಿ ನೈರುತ್ಯ ಜರ್ಮನಿಯ ಮನೋವೈದ್ಯರ ಸಭೆಯಲ್ಲಿ ತಾನು ಕಂಡುದನ್ನು ವಿವರಿಸಿದನು. ಮಿದುಳಿನ ಹೊರಪದರ ಕುಗ್ಗಿತ್ತು. ನರಕೋಶಗಳೊಳಗಿನ ಎಳೆಗಳು ದಪ್ಪಗಾಗಿ ಒಂದಕ್ಕೊಂದು ಹೆಣೆದುಕೊಂಡು ಗೋಜಲಾಗಿದ್ದವು. ಕೋಶಗಳ ಹೊರಗೆ ರಾಗಿಕಾಳಿನಂತೆ ಚೆದರಿದ ವಿಚಿತ್ರ ದ್ರವ್ಯದ ಮಚ್ಚೆಗಳಿದ್ದವು. ಸಭಿಕರಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ೧೯೦೭ರಲ್ಲಿ ಅಚ್ಚಾದ ಅವನ ಲೇಖನದ ಹೆಸರು ಮಿದುಳಿನ ಹೊರಪದರದ ಒಂದು ವಿಲಕ್ಷಣ ವ್ಯಾಧಿಯನ್ನು ಕುರಿತದ್ದೆಂದು ಹೇಳುತ್ತದೆ. ಹೆಸರಿನಲ್ಲಿಯೇ ಸ್ಥಾನದ ನಿರ್ದೇಶವಿದೆ. ತೋರಿಸಿದ ವಸ್ತುಗಳನ್ನು ಆಕೆ ಒಡನೆಯೇ ಮರೆಯುತ್ತಿದ್ದಳೆಂಬುದು ಆ ಚಿಕ್ಕ ಲೇಖನದಲ್ಲಿಯೂ ಇದೆ. ಆದರೆ ಪ್ರಶ್ನೋತ್ತರಗಳ ಪೂರ್ಣ ಪಾಠವು ಕಡತದಲ್ಲಿಯೇ ಉಳಿಯಿತು. ಆ ಕಡತವು ಕಣ್ಮರೆಯಾಗಿ, ೧೯೯೫ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕೊನ್‌ರಾಡ್ ಮೌರರ್ ಮತ್ತು ಅವರ ಸಹೋದ್ಯೋಗಿಗಳಿಗೆ ದೊರಕಿ, ೧೯೯೭ರಲ್ಲಿ ಪ್ರಕಟವಾಯಿತು. ಅಂದರೆ ತೊಂಬತ್ತು ವರ್ಷಗಳ ಕಾಲ ಲೋಕಕ್ಕೆ ಚೆನ್ನಾಗಿ ತಿಳಿದಿದ್ದುದು ರೋಗಿಯ ಮಿದುಳಿನ ಮಚ್ಚೆಗಳು. ಅರೆಬರೆಯಾಗಿ ತಿಳಿದಿದ್ದುದು ರೋಗಿಯ ಮರೆವು.

೩

ಕಲೆಗಳಿಗೆ ಇಷ್ಟು ಪ್ರಾಧಾನ್ಯ ಬಂದುದಕ್ಕೆ ಅಂದಿನ ಸಾಧನಗಳೇ ಕಾರಣ. ಇಟಲಿಯ ಕಮಿಲ್ಲೋ ಗಾಲ್ಜಿಯು ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕೊಡುವ ಕ್ರಮವನ್ನು ಕಂಡುಹಿಡಿದನು. ಸ್ಪೇನ್ ದೇಶದ ಸಾಂಟಿಯಾಗೋ ರಾಮೋನ್ ಈ ಕಹಾಲನು ೧೮೮೮ರಿಂದ ಮುಂದೆ ಅದೇ ಕ್ರಮವನ್ನು ಉತ್ತಮಪಡಿಸಿ, ಪ್ರತಿಯೊಂದು ನರಕೋಶವೂ ಬೇರೆಯಾದ ಘಟಕವೆಂದೂ, ಅವು ಒಂದನ್ನೊಂದು ಸಂಧಿಸುವುದು ಸ್ಪರ್ಶದಿಂದಲ್ಲದೆ ಐಕ್ಯದಿಂದಲ್ಲವೆಂದೂ ಸಾಧಿಸಿದನು. ಗಾಲ್ಜಿಗೆ ಇದು ಸಮ್ಮತವಾಗಲಿಲ್ಲ. ನರಗಳೆಲ್ಲವೂ ಸೇರಿ ಒಂದೇ ಅಖಂಡವಾದ ಜಾಲವೆಂಬುದು ಅವನ ಮತ. ೧೯೦೬ರ ಡಿಸೆಂಬರಿನಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಪಾರಿತೋಷಕ ದೊರೆತಾಗ, ೧೧ರಂದು ಗಾಲ್ಜಿಯು ತನ್ನ ಉಪನ್ಯಾಸದಲ್ಲಿ ಕಹಾಲನ ಪಕ್ಷವನ್ನು ಖಂಡಿಸಿದನು. ೧೨ರಂದು ಕಹಾಲನು ಅದೇ ಪಕ್ಷವನ್ನು ಸ್ಥಾಪಿಸಿದನು. ಟ್ಯೂಬಿಂಗೆನ್ನಿನ ಸಭೆ ನಡೆದು ಆಗ ನಲವತ್ತು ದಿನವೂ ಕಳೆದಿರಲಿಲ್ಲ. ಹೀಗಿರಲು, ಕೋಶಕೋಶಗಳ ನಡುವಣ ಸಂಬಂಧದ ಸ್ವರೂಪವೇ ಇನ್ನೂ ವಿವಾದಗ್ರಸ್ತವಾಗಿದ್ದ ಕಾಲದಲ್ಲಿ, ಆ ಸಂಬಂಧ ಕೆಡುವುದರಿಂದ ಒಂದು ವ್ಯಾಧಿ ಉಂಟಾಗುವುದೆಂದು ಸೂಕ್ಷ್ಮದರ್ಶಕದ ಬಲದಿಂದ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಆಲ್ಝೈಮರನು ಬಳಸಿದ ಬೀಲ್‌ಷೋವ್ಸ್ಕಿಯ ಬೆಳ್ಳಿಯ ಬಣ್ಣವು ಗೋಜಲುಗಳನ್ನು ತೋರಿಸಿತು. ಇಲ್ಲದ ಸಂಧಿಗಳನ್ನು ಅದು ತೋರಿಸಲಾರದು.

ಆದರೂ ಸಂಬಂಧವಾದವು ಅಂದು ಇರಲಿಲ್ಲವೆಂದಲ್ಲ. ವಿಯೆನ್ನಾ ನಗರದ ಥಿಯೋಡೋರ್ ಮೈನರ್ಟನು ಮಿದುಳಿನ ಬಿಳಿಯ ಭಾಗದಲ್ಲಿ ಒಂದು ಪ್ರದೇಶವನ್ನು ಮತ್ತೊಂದಕ್ಕೆ ಕೂಡಿಸುವ ತಂತುಗಳನ್ನು ವಿಂಗಡಿಸಿದ್ದನು. ಅವನಲ್ಲಿ ಕಲಿತ ಕಾರ್ಲ್ ವೆರ್ನಿಕೆಯು ೧೮೭೪ರಲ್ಲಿ ಮಾತು ಕೆಡುವ ರೋಗಗಳನ್ನು ಕುರಿತು ಬರೆಯುತ್ತಾ, ಸರಳವಾದ ವ್ಯಾಪಾರಗಳಿಗೆ ಮಾತ್ರ ನಿಯತವಾದ ಸ್ಥಾನವುಂಟೆಂದೂ, ಉಚ್ಚತರವಾದ ಮನೋವ್ಯಾಪಾರಗಳು ಸ್ಥಾನಗಳ ಪರಸ್ಪರ ಸಂಬಂಧದಿಂದಲೇ ಹುಟ್ಟುವುವೆಂದೂ ಪ್ರತಿಪಾದಿಸಿದನು. ವೆರ್ನಿಕೆಯು ಬಹುಕಾಲ ಬ್ರೆಸ್ಲೌ ನಗರದಲ್ಲಿ ಪ್ರಾಧ್ಯಾಪಕನಾಗಿದ್ದು ೧೯೦೫ರಲ್ಲಿ ತೀರಿಕೊಂಡನು. ಅವನ ಅನಂತರ ಕಾರ್ಲ್ ಬೋನ್‌ಹೋಫರನು ವಹಿಸಿದ್ದ ಅದೇ ಪೀಠಕ್ಕೆ ೧೯೧೨ರಲ್ಲಿ ಬಂದವನು ಆಲ್ಝೈಮರ್. ೧೯೧೫ರಲ್ಲಿ ಅಲ್ಲಿಯೇ ಅವನು ಮೃತನಾದನು. ಒಂದೇ ಪೀಠವನ್ನು ಅಲಂಕರಿಸಿದ ಇವರಿಬ್ಬರ ವಿಚಾರಗಳು ಮಾತ್ರ ಈ ವ್ಯಾಧಿಯ ವಿಷಯದಲ್ಲಿ ಒಂದನ್ನೊಂದು ಸೇರಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು.

೪

ಕ್ರೇಪೆಲಿನನು ೧೯೧೦ರಲ್ಲಿ ತನ್ನ ಮನೋವೈದ್ಯ ಗ್ರಂಥದ ಎಂಟನೆಯ ಮುದ್ರಣದಲ್ಲಿ ಈ ವ್ಯಾಧಿಗೆ ಆಲ್ಝೈಮರನ ಹೆಸರನ್ನಿಟ್ಟನು. ಅದನ್ನು ಮುಪ್ಪಿಗೆ ಮೊದಲೇ ಬರುವ ಅಪರೂಪದ ರೋಗವಾಗಿ, ವೃದ್ಧರ ಸಾಮಾನ್ಯ ಬುದ್ಧಿಕ್ಷಯದಿಂದ ಬೇರ್ಪಡಿಸಿದನು. ಆದರೆ ಮಚ್ಚೆಗಳು ನಡುವಯಸ್ಸಿನವರಲ್ಲಿ ಮಾತ್ರ ಕಾಣುವ ವಸ್ತುಗಳಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಬ್ಲೋಕ್ ಮತ್ತು ಮರಿನೆಸ್ಕೋ ಎಂಬವರು ೧೮೯೨ರಲ್ಲಿಯೇ ಇಂತಹ ಮಚ್ಚೆಗಳನ್ನು ಕಂಡಿದ್ದರು. ಪ್ರಾಗ್ ನಗರದ ಆಸ್ಕರ್ ಫಿಷರನು ೧೯೦೭ರಲ್ಲಿ ವೃದ್ಧಾಪ್ಯದ ಬುದ್ಧಿಕ್ಷಯದಿಂದ ಸತ್ತ ೧೬ ಮಂದಿಯ ಮಿದುಳುಗಳನ್ನು ಪರೀಕ್ಷಿಸಿ ೧೨ರಲ್ಲಿ ಮಚ್ಚೆಗಳನ್ನು ತೋರಿಸಿದ್ದನು. ಅವನ ಸಾಕ್ಷ್ಯಕ್ಕೆ ತಕ್ಕ ಮನ್ನಣೆ ಸಿಕ್ಕಿದ್ದರೆ, ನಡುವಯಸ್ಸಿನ ವ್ಯಾಧಿಯೂ ಮುಪ್ಪಿನ ವ್ಯಾಧಿಯೂ ಒಂದೇ ಆಗಿರಬಹುದೆಂಬ ಪ್ರಶ್ನೆ ಆಗಲೇ ಏಳುತ್ತಿತ್ತು. ಫಿಷರನು ಯಹೂದ್ಯನಾದುದರಿಂದ ನಾತ್ಸಿಗಳ ಸೆರೆಗೆ ಸಿಕ್ಕಿ ೧೯೪೨ರಲ್ಲಿ ಟೆರೆಜೀನ್ ಎಂಬಲ್ಲಿ ಮಡಿದನು. ಅವನ ಹೆಸರು ಬಹುಕಾಲ ಮರೆಯಾಯಿತು.

ಕ್ರೇಪೆಲಿನನ ವಿಭಾಗದಿಂದ ಉಂಟಾದ ಪರಿಣಾಮ ಸಣ್ಣದಲ್ಲ. ಐವತ್ತು ವರ್ಷದವಳು ಮರೆತರೆ ವ್ಯಾಧಿ, ಎಪ್ಪತ್ತು ವರ್ಷದವಳು ಮರೆತರೆ ಮುಪ್ಪು ಎಂಬ ಭೇದವು ಅರ್ಧ ಶತಮಾನಕ್ಕೂ ಮೀರಿ ನಿಂತಿತು. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಬ್ಲೆಸ್ಡ್, ಟಾಮ್ಲಿನ್‌ಸನ್ ಮತ್ತು ರಾತ್ ಎಂಬ ಮೂವರು ೧೯೬೮ರಲ್ಲಿ ವೃದ್ಧರ ಬುದ್ಧಿಕ್ಷಯದ ಪ್ರಮಾಣಕ್ಕೂ ಮರಣಾನಂತರ ಎಣಿಸಿದ ಮಚ್ಚೆಗಳ ಸಂಖ್ಯೆಗೂ ಹೊಂದಿಕೆಯಿದೆಯೆಂದು ತೋರಿಸಿದ ಮೇಲೆ ಆ ಗೋಡೆ ಬಿರುಕುಬಿಟ್ಟಿತು. ೧೯೭೬ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ನನು ಎರಡೂ ಒಂದೇ ವ್ಯಾಧಿಯೆಂದೂ, ಆದಕಾರಣ ಅದು ಅಪರೂಪದ ವ್ಯಾಧಿಯಲ್ಲದೆ ಮಹಾಮಾರಕಗಳಲ್ಲಿ ಒಂದೆಂದೂ ಬರೆದನು. ಗಾದೆಯು ವಯೋಧರ್ಮವೆಂದುದು ಅಂದಿನಿಂದ ರೋಗವೆನಿಸಿತು. ಆದರೆ ವ್ಯಾಧಿಯ ಲಕ್ಷಣವು ಇನ್ನೂ ಮಚ್ಚೆಗಳ ಎಣಿಕೆಯಲ್ಲಿಯೇ ಇದ್ದಿತು.

೫

ಇತ್ತ ಮನಶ್ಶಾಸ್ತ್ರವು ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. ಲಂಡನ್ನಿನಲ್ಲಿ ಜೋಸೆಫ್ ಜೇಕಬ್ಸನು ೧೮೮೭ರಲ್ಲಿ ಅಂಕಿಗಳ ಸಾಲನ್ನು ಓದಿ ಹೇಳಿ, ಕೇಳಿದವನು ತಪ್ಪಿಲ್ಲದೆ ಎಷ್ಟನ್ನು ಮರಳಿ ಹೇಳಬಲ್ಲನೆಂದು ಅಳೆದನು. ವಿಲಿಯಂ ಜೇಮ್ಸನು ೧೮೯೦ರಲ್ಲಿ, ಮನಸ್ಸನ್ನು ಇನ್ನೂ ಬಿಟ್ಟುಹೋಗದಿರುವ ನೆನಪು ಒಂದು ಬಗೆ, ಬಿಟ್ಟುಹೋಗಿ ಮರಳಿ ಬರುವ ನೆನಪು ಮತ್ತೊಂದು ಬಗೆಯೆಂದು ವಿಂಗಡಿಸಿದನು. ಜಾರ್ಜ್ ಮಿಲ್ಲರನು ೧೯೫೬ರಲ್ಲಿ ಆ ಮೊದಲ ಬಗೆಯ ಹರವು ಸುಮಾರು ಏಳು ಘಟಕಗಳಷ್ಟೇ ಎಂದು ಸಾರಿದನು.

ಮರುವರ್ಷ, ಎಂದರೆ ೧೯೫೭ರಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯನೂ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯೂ ಪ್ರಕಟಿಸಿದ ವೃತ್ತಾಂತವು ಈ ವಿಂಗಡಣೆಗೆ ಅಂಗರಚನೆಯ ಆಧಾರವನ್ನು ಒದಗಿಸಿತು. ಎಚ್. ಎಂ. ಎಂಬ ಅಕ್ಷರಗಳಿಂದ ಪ್ರಸಿದ್ಧನಾದ ರೋಗಿಗೆ ಅಪಸ್ಮಾರದ ನಿವಾರಣೆಗಾಗಿ ೧೯೫೩ರಲ್ಲಿ ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಹಿಪ್ಪೋಕ್ಯಾಂಪಸ್ ಎಂಬ, ಕಡಲಕುದುರೆಯಂತೆ ಬಾಗಿದ ಭಾಗದ ಬಹ್ವಂಶವನ್ನು ತೆಗೆಯಲಾಗಿತ್ತು. ಆಮೇಲೆ ನಡೆದುದೊಂದೂ ಅವನಲ್ಲಿ ನಿಲ್ಲಲಿಲ್ಲ. ಆದರೆ ಹೇಳಿದ ಅಂಕಿಗಳನ್ನು ಒಡನೆಯೇ ಮರಳಿ ಹೇಳುವ ಶಕ್ತಿ ಉಳಿದಿತ್ತು. ಮನಸ್ಸು ಬೇರೆಡೆಗೆ ಹರಿಯದಿದ್ದರೆ ಒಂದು ಸಂಖ್ಯೆಯನ್ನು ಕೆಲವು ನಿಮಿಷಗಳವರೆಗೂ ಅವನು ಹಿಡಿದಿಡಬಲ್ಲವನಾಗಿದ್ದನು. ಆದುದರಿಂದ ಉಗ್ರಾಣದ ಬಾಗಿಲು ಮುಚ್ಚಿದರೂ ಮಣೆಯು ಉಳಿಯಬಹುದೆಂಬುದು ಸಿದ್ಧವಾಯಿತು. ಇದರಿಂದಲೇ ಆಲ್ಝೈಮರ್ ವ್ಯಾಧಿಯ ವಿಷಯದಲ್ಲಿ ಒಂದು ತೊಡಕು ಹುಟ್ಟುತ್ತದೆ. ಆ ವ್ಯಾಧಿಯು ಹಿಪ್ಪೋಕ್ಯಾಂಪಸ್ಸನ್ನೂ ಅದರ ನೆರೆಯನ್ನೂ ಮೊದಲು ಹಿಡಿಯುವುದು ನಿಜ. ಆದರೆ ಆ ಒಂದು ಸ್ಥಾನದ ನಷ್ಟದಿಂದ ರೋಗಿಯ ಮಣೆಯು ಕೆಡುವುದಕ್ಕೆ ಕಾರಣ ಹೇಳಲಾಗುವುದಿಲ್ಲ, ಎಚ್. ಎಂ. ಅದಕ್ಕೆ ಪ್ರತಿಸಾಕ್ಷಿ.

೧೯೭೪ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಮ್ ಹಿಚ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಕಾರ್ಯಸ್ಮೃತಿಯು ಒಂದೇ ಪಾತ್ರೆಯಲ್ಲವೆಂದು ವಾದಿಸಿದರು. ಅವರ ಮತದಲ್ಲಿ ನುಡಿಯನ್ನು ಹಿಡಿದಿಡುವ ಅಂಗವೊಂದು, ನೋಟವನ್ನು ಹಿಡಿದಿಡುವ ಅಂಗವೊಂದು. ಇವೆರಡರ ಮೇಲೆ ಗಮನವನ್ನು ಹಂಚಿ ಕೆಲಸ ನಡೆಸುವ ಅಧಿಕಾರಿ ಒಂದು. ಈ ಸಿದ್ಧಾಂತವನ್ನು ಬ್ಯಾಡ್ಲಿಯೂ ಇಟಲಿಯ ಮಿಲಾನ್ ನಗರದ ಸ್ಪಿನ್ಲರ್, ಡೆಲ್ಲಾ ಸಾಲಾ ಮೊದಲಾದವರೂ ಸೇರಿ ಆಲ್ಝೈಮರ್ ರೋಗಿಗಳಲ್ಲಿ ಪರೀಕ್ಷಿಸಿ ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಫಲಿತಾಂಶಗಳನ್ನು ಪ್ರಕಟಿಸಿದರು. ಪರೀಕ್ಷೆಯ ಕ್ರಮ ಜಾಣ್ಮೆಯದು. ಚಲಿಸುವ ಗುರುತನ್ನು ಕೈಯಿಂದ ಹಿಂಬಾಲಿಸುವುದು ಒಂದು ಕೆಲಸ. ಅಂಕಿಗಳನ್ನು ಮರಳಿ ಹೇಳುವುದು ಇನ್ನೊಂದು. ಒಂದೊಂದನ್ನೇ ಮಾಡುವಾಗ ರೋಗಿಗೂ ಆರೋಗ್ಯವಂತನಿಗೂ ಸಮಾನವಾದ ಫಲ ಬರುವಂತೆ ಕೆಲಸದ ಕಾಠಿನ್ಯವನ್ನು ಮೊದಲೇ ಸರಿಹೊಂದಿಸಲಾಯಿತು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿಸಲಾಯಿತು. ಆರೋಗ್ಯವಂತರಾದ ವೃದ್ಧರು ಸ್ವಲ್ಪವೇ ತಗ್ಗಿದರು. ರೋಗಿಗಳು ಬಹಳ ತಗ್ಗಿದರು. ತಿಂಗಳುಗಳು ಕಳೆದಂತೆ ಒಂಟಿ ಕೆಲಸದ ಫಲ ಬಹುಮಟ್ಟಿಗೆ ನಿಂತಿದ್ದರೂ ಜೋಡಿ ಕೆಲಸದ ಫಲ ಮಾತ್ರ ಕುಸಿಯುತ್ತಾ ಹೋಯಿತು.

ಇದರ ತಾತ್ಪರ್ಯವನ್ನು ಅವಧಾನಕಲೆಯನ್ನು ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಅವಧಾನಿಯ ಹಿರಿಮೆ ಇರುವುದು ಪದ್ಯ ಕಟ್ಟುವುದೊಂದರಲ್ಲಿಯೇ ಅಲ್ಲ, ಗಂಟೆ ಎಣಿಸುವುದೊಂದರಲ್ಲಿಯೇ ಅಲ್ಲ. ಒಂದರಿಂದ ಇನ್ನೊಂದು ಕೆಡದಂತೆ ಎರಡನ್ನೂ ನಡೆಸುವುದರಲ್ಲಿ. ಆ ನಡೆಸುವ ಶಕ್ತಿಯ ಅಲ್ಪಾಂಶವು ಎಲ್ಲರಲ್ಲಿಯೂ ಉಂಟು. ಹಾಲು ಕಾಯಿಸುತ್ತಾ ಮಾತನಾಡುವುದಕ್ಕೂ ಅದು ಬೇಕು. ಆಲ್ಝೈಮರ್ ವ್ಯಾಧಿಯು ಆರಂಭದಲ್ಲಿಯೇ ಅದನ್ನು ತಾಕುತ್ತದೆ.

೬

ನಡೆಸುವ ಈ ಅಧಿಕಾರಿಗೆ ಮಿದುಳಿನಲ್ಲಿ ಪೀಠವೆಲ್ಲಿ? ಹಣೆಯ ಹಿಂದಿರುವ ಮುಂಭಾಗವೆಂದು ಒಂದು ಉತ್ತರ. ಹೋಕಿನ್ ಫುಸ್ಟರನು ೧೯೭೧ರಲ್ಲಿ ಕೋತಿಗಳ ಮಿದುಳಿನ ಮುಂಭಾಗದಲ್ಲಿ, ಕಂಡ ವಸ್ತು ಮರೆಯಾದ ಮೇಲೂ ಅದನ್ನು ನೆನೆಯಬೇಕಾದಷ್ಟು ಹೊತ್ತು ಸ್ಪಂದಿಸುತ್ತಲೇ ಇರುವ ನರಕೋಶಗಳನ್ನು ಕಂಡನು. ಆದರೆ ಮುಂಭಾಗದ ಕೋಶಗಳು ತಾವಾಗಿ ಏನನ್ನೂ ಕಾಣವು, ಕೇಳವು. ಹಿಂಭಾಗದ ನೋಟದ ಪ್ರದೇಶ, ಪಾರ್ಶ್ವದ ಶ್ರವಣಪ್ರದೇಶ, ಹಿಪ್ಪೋಕ್ಯಾಂಪಸ್ ಇವೆಲ್ಲವುಗಳೊಡನೆ ಸಂಪರ್ಕವಿದ್ದರಷ್ಟೇ ಅವುಗಳಿಗೆ ಹಿಡಿಯಲು ವಸ್ತುವುಂಟು. ಅಧಿಕಾರವೆಂಬುದು ಇಲ್ಲಿ ಸ್ಥಾನದ ಗುಣವಲ್ಲ, ಸಂಪರ್ಕದ ಗುಣ.

ನಾರ್ಮನ್ ಗೆಶ್ವಿಂಡನು ೧೯೬೫ರಲ್ಲಿ ಸಂಬಂಧವಿಚ್ಛೇದದಿಂದ ಉಂಟಾಗುವ ರೋಗಗಳನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಬರೆದು, ವೆರ್ನಿಕೆಯ ಪಕ್ಷಕ್ಕೆ ಮರುಹುಟ್ಟು ಕೊಟ್ಟನು. ೧೯೮೨ರಲ್ಲಿ ಪೀಟರ್ ವೈಟ್‌ಹೌಸ್ ಮೊದಲಾದವರು, ಮಿದುಳಿನ ತಳದಲ್ಲಿದ್ದು ಹೊರಪದರಕ್ಕೆಲ್ಲ ಅಸಿಟೈಲ್‌ಕೋಲೀನ್ ಎಂಬ ರಸವನ್ನು ಒದಗಿಸುವ ಕೋಶಸಮೂಹವು ಈ ವ್ಯಾಧಿಯಲ್ಲಿ ಬಹಳವಾಗಿ ನಶಿಸುವುದೆಂದು ತೋರಿಸಿದರು. ಆ ಕೋಶಸಮೂಹಕ್ಕಿರುವ ಹೆಸರು ಮೈನರ್ಟನದೇ. ೧೯೮೪ರಲ್ಲಿ ಅಮೆರಿಕದ ಅಯೋವಾದಲ್ಲಿ ಬ್ರಾಡ್ಲಿ ಹೈಮನ್, ಗ್ಯಾರಿ ವ್ಯಾನ್ ಹೋಸೆನ್ ಮೊದಲಾದವರು ಪ್ರಕಟಿಸಿದ ಲೇಖನವು ಇನ್ನೂ ನಿರ್ಣಾಯಕವಾದುದು. ಹೊರಪದರದಿಂದ ಹಿಪ್ಪೋಕ್ಯಾಂಪಸ್ಸಿಗೆ ವಾರ್ತೆಯನ್ನು ಒಯ್ಯುವ ಕೋಶಗಳೂ ಅಲ್ಲಿಂದ ಹೊರಕ್ಕೆ ತರುವ ಕೋಶಗಳೂ ಗೋಜಲುಗಳಿಂದ ನಾಶವಾಗಿ, ಹಿಪ್ಪೋಕ್ಯಾಂಪಸ್ಸು ಒಂಟಿಯಾಗಿ ಉಳಿಯುವುದೆಂದು ಅವರು ತೋರಿಸಿದರು. ಕೆರೆಯಲ್ಲಿ ನೀರಿದ್ದರೂ ತೂಬು ಕಟ್ಟಿದರೆ ಗದ್ದೆ ಒಣಗುವಂತೆ, ಕಾಲುವೆ ಮುಚ್ಚಿದರೆ ಕೆರೆಯೂ ಬತ್ತುವಂತೆ ಇಲ್ಲಿನ ಸ್ಥಿತಿ. ಒಳಬರುವ ದಾರಿಯ ಮುಖ್ಯ ಕೋಶಪದರದಲ್ಲಿ ರೋಗದ ಅತಿ ಸೌಮ್ಯವಾದ ಹಂತದಲ್ಲಿಯೇ ನೂರಕ್ಕೆ ಸುಮಾರು ೬೦ರಷ್ಟು, ತೀವ್ರವಾದ ಹಂತದಲ್ಲಿ ಸುಮಾರು ೯೦ರಷ್ಟು ಕೋಶಗಳು ನಷ್ಟವಾಗಿರುವುವೆಂದು ೧೯೯೬ರಲ್ಲಿ ಎಣಿಕೆಯಿಂದ ತಿಳಿದುಬಂದಿತು. ನಡುವೆ, ೧೯೯೧ರಲ್ಲಿ, ರಾಬರ್ಟ್ ಟೆರ್ರಿಯೂ ಸಂಗಡಿಗರೂ ಬುದ್ಧಿಕ್ಷಯದ ಪ್ರಮಾಣಕ್ಕೆ ಅತ್ಯಂತ ಹತ್ತಿರವಾಗಿ ಹೊಂದುವುದು ಮಚ್ಚೆಗಳ ಸಂಖ್ಯೆಯಲ್ಲ, ನರಕೋಶಗಳ ನಡುವಣ ಸಂಧಿಗಳ ನಷ್ಟವೆಂದು ನಿರೂಪಿಸಿದರು. ಗಾಲ್ಜಿಯೂ ಕಹಾಲನೂ ಯಾವ ಸಂಧಿಯನ್ನು ಕುರಿತು ವಾದಿಸಿದ್ದರೋ ಅದೇ ಈ ವ್ಯಾಧಿಯ ಮರ್ಮಸ್ಥಾನವೆಂದು ಎಂಬತ್ತೈದು ವರ್ಷಗಳ ಮೇಲೆ ಗೊತ್ತಾಯಿತು.

ಬದುಕಿರುವವನ ಮಿದುಳಿನಲ್ಲಿ ಈ ಸಂಬಂಧಗಳನ್ನು ಕಾಣುವ ಉಪಾಯಗಳು ಅನಂತರ ದೊರೆತವು. ಎರಡು ಪ್ರದೇಶಗಳ ಚಟುವಟಿಕೆಯು ಜೊತೆಜೊತೆಯಾಗಿ ಏರಿಳಿದರೆ ಅವುಗಳ ನಡುವೆ ವ್ಯವಹಾರವಿದೆಯೆಂದು ಊಹಿಸುವುದು ಇವುಗಳ ಮೂಲಸೂತ್ರ. ೨೦೦೧ರಲ್ಲಿ ಷೆರಿಲ್ ಗ್ರೇಡಿ ಮತ್ತು ಸಂಗಡಿಗರು, ಕಂಡ ಮುಖವನ್ನು ಕೆಲವು ಸೆಕೆಂಡುಗಳ ಕಾಲ ನೆನಪಿನಲ್ಲಿ ಹಿಡಿದಿಡುವ ಕೆಲಸವನ್ನು ಕೊಟ್ಟು ಮಿದುಳಿನ ರಕ್ತಪ್ರವಾಹವನ್ನು ಅಳೆದರು. ಆರೋಗ್ಯವಂತರಲ್ಲಿ ಮುಂಭಾಗವು ಹಿಪ್ಪೋಕ್ಯಾಂಪಸ್ಸಿನೊಡನೆಯೂ ನೋಟದ ಪ್ರದೇಶಗಳೊಡನೆಯೂ ಹೊಂದಿ ನಡೆಯುತ್ತಿತ್ತು; ಸೌಮ್ಯವಾದ ಆಲ್ಝೈಮರ್ ರೋಗಿಗಳಲ್ಲಿ ಆ ದೂರದ ಹೊಂದಿಕೆ ತಗ್ಗಿತ್ತು. ಕಾರ್ಯಸ್ಮೃತಿಯ ನಷ್ಟಕ್ಕೂ ಸಂಬಂಧದ ನಷ್ಟಕ್ಕೂ ನೇರವಾದ ಕೊಂಡಿ ಇಲ್ಲಿ ಕಾಣಬಂದಿತು. ಮೈಕೆಲ್ ಗ್ರೈಷಿಯಸ್ ಮೊದಲಾದವರು ೨೦೦೪ರಲ್ಲಿ, ಯಾವ ಕೆಲಸವೂ ಇಲ್ಲದೆ ಮನಸ್ಸು ತನ್ನಷ್ಟಕ್ಕಿರುವಾಗ ಒಟ್ಟಾಗಿ ನಡೆಯುವ ಪ್ರದೇಶಗಳ ಜಾಲವು ಈ ವ್ಯಾಧಿಯಲ್ಲಿ ಸಡಿಲವಾಗುವುದೆಂದು ತೋರಿಸಿದರು. ಆಮ್‌ಸ್ಟರ್‌ಡ್ಯಾಮಿನ ಕಾರ್ನೆಲಿಸ್ ಸ್ಟಾಮ್ ಮೊದಲಾದವರು ೨೦೦೭ರಲ್ಲಿ ಮಿದುಳಿನ ವಿದ್ಯುತ್ತರಂಗಗಳನ್ನು ಗಣಿತದಿಂದ ಪರಿಶೀಲಿಸಿ, ರೋಗಿಗಳಲ್ಲಿ ಒಂದೆಡೆಯಿಂದ ಮತ್ತೊಂದೆಡೆಗೆ ವಾರ್ತೆ ಹೋಗುವ ದಾರಿ ಸುತ್ತಾಗಿರುವುದೆಂದು ಕಂಡರು.

೭

ಇಷ್ಟರಿಂದ ಸಂಬಂಧವಾದವು ಗೆದ್ದಿತು, ಸ್ಥಾನವಾದವು ಸೋತಿತು ಎಂದು ನಿರ್ಣಯಿಸಬಹುದೇ? ಹಾಗೆ ಮಾಡುವುದು ಅವಸರವಾಗುತ್ತದೆ. ಮೊದಲನೆಯದಾಗಿ, ಜೊತೆಯಾಗಿ ಏರಿಳಿಯುವುದೆಂಬುದು ಲಕ್ಷಣವೇ ಹೊರತು ಕಾರಣವಲ್ಲ. ಒಂದೇ ಮಳೆಗೆ ಎರಡು ಕೆರೆಗಳು ತುಂಬಿದರೆ ಅವುಗಳ ನಡುವೆ ಕಾಲುವೆ ಇದೆಯೆಂದು ಸಿದ್ಧಿಸುವುದಿಲ್ಲ. ಪರೀಕ್ಷೆಗೆ ಒಳಗಾದವನ ತಲೆಯ ಅಲುಗಾಟವೂ ಇಂತಹ ಅಳತೆಗಳನ್ನು ಕೆಡಿಸುವುದುಂಟು. ಎರಡನೆಯದಾಗಿ, ಜರ್ಮನಿಯ ಹೈಕೋ ಬ್ರಾಕ್ ಮತ್ತು ಎವಾ ಬ್ರಾಕ್ ದಂಪತಿಗಳು ೧೯೯೧ರಲ್ಲಿ ಗೋಜಲುಗಳು ಹಿಪ್ಪೋಕ್ಯಾಂಪಸ್ಸಿನ ಹೊಸ್ತಿಲಲ್ಲಿ ಹುಟ್ಟಿ ಆರು ಹಂತಗಳಲ್ಲಿ ಹೊರಪದರಕ್ಕೆ ಹರಡುವುವೆಂದು ತೋರಿಸಿದುದು ಸ್ಥಾನವಾದಕ್ಕೆ ಬಲವಾದ ಸಾಕ್ಷಿ. ವ್ಯಾಧಿಯು ಎಲ್ಲಿ ಬೇಕಾದರಲ್ಲಿ ಹುಟ್ಟುವುದಿಲ್ಲ. ಅದಕ್ಕೆ ನಿಯತವಾದ ನೆಲೆಯೂ ಕ್ರಮವೂ ಉಂಟು.

ಆದರೆ ಆ ಕ್ರಮದ ಕಾರಣವನ್ನು ವಿಚಾರಿಸಿದಾಗ ಎರಡು ಪಕ್ಷಗಳೂ ಒಂದೆಡೆ ಕೂಡುತ್ತವೆ. ೨೦೧೨ರಲ್ಲಿ ಅಮೆರಿಕದ ನ್ಯೂಯಾರ್ಕ್, ಬಾಸ್ಟನ್ ನಗರಗಳಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಗೋಜಲುಗಳ ಮೂಲದ್ರವ್ಯವಾದ ಟೌ ಎಂಬ ಪ್ರೋಟೀನನ್ನು ಹಿಪ್ಪೋಕ್ಯಾಂಪಸ್ಸಿನ ಹೊಸ್ತಿಲಲ್ಲಿ ಮಾತ್ರ ಹುಟ್ಟಿಸಿದವು. ಕಾಲ ಕಳೆದಂತೆ ಆ ದ್ರವ್ಯವು ಆ ಕೋಶಗಳ ತಂತುಗಳು ತಲಪುವ ಕಡೆಗಳಲ್ಲಿ ಕಾಣಿಸಿಕೊಂಡಿತು. ಬಾಸ್ಟನ್ನಿನ ಗುಂಪಿಗೆ ಮುಂದಾಳಾಗಿದ್ದವರು ೧೯೮೪ರ ಲೇಖನದ ಹೈಮನ್ನರೇ. ಕಡಿಯುತ್ತಿರುವ ಸಂಬಂಧವೇ ವ್ಯಾಧಿಗೆ ನಡೆಯುವ ದಾರಿಯೂ ಆಗುವುದೆಂದು ಇದರಿಂದ ಹೊಳೆಯುತ್ತದೆ. ಇದಕ್ಕೆ ಮೊದಲೇ, ೨೦೦೯ರಲ್ಲಿ, ರ‍್ಯಾಂಡಿ ಬಕ್ನರ್ ಮೊದಲಾದವರು ಮಚ್ಚೆಗಳ ದ್ರವ್ಯವಾದ ಅಮಿಲಾಯ್ಡ್ ಹೆಚ್ಚಾಗಿ ಸೇರುವುದು ಅನೇಕ ದಾರಿಗಳು ಕೂಡುವ ಜಂಕ್ಷನ್ನಿನಂತಹ ಪ್ರದೇಶಗಳಲ್ಲಿ ಎಂದು ಹೇಳಿದ್ದರು. ಸ್ಥಾನಕ್ಕೆ ಮಹತ್ವ ಬಂದುದು ಅಲ್ಲಿ ಕೂಡುವ ಸಂಬಂಧಗಳಿಂದ. ಸಂಬಂಧಕ್ಕೆ ಹಾನಿ ಬಂದುದು ಸ್ಥಾನದ ಕೇಡಿನಿಂದ. ಹಾಗಾಗಿ ಎರಡು ವಾದಗಳೂ ಒಂದೇ ವಸ್ತುವಿನ ಎರಡು ಮುಖಗಳನ್ನು ಹೇಳುತ್ತಿದ್ದುವೆಂಬುದು ಯುಕ್ತವಾದ ನಿರ್ಣಯ.

ಚಿಕಿತ್ಸೆಯ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. ಅಸಿಟೈಲ್‌ಕೋಲೀನ್ ಬೇಗ ಕರಗದಂತೆ ತಡೆಯುವ ಡೊನೆಪೆಜಿಲ್ ಎಂಬ ಔಷಧಕ್ಕೆ ೧೯೯೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಲಕ್ಷಣಗಳನ್ನು ಸ್ವಲ್ಪ ತಗ್ಗಿಸಿತೇ ಹೊರತು ವ್ಯಾಧಿಯನ್ನು ನಿಲ್ಲಿಸಲಿಲ್ಲ. ೨೦೨೩ರಲ್ಲಿ ಅಲ್ಲಿಯೇ ಪೂರ್ಣಾನುಮತಿ ಪಡೆದ ಲೆಕಾನೆಮ್ಯಾಬ್ ಎಂಬುದು ಮಚ್ಚೆಗಳ ದ್ರವ್ಯವನ್ನು ಮಿದುಳಿನಿಂದ ಬಹಳವಾಗಿ ತೆಗೆದುಹಾಕಿತು. ಆದರೂ ೧೮ ತಿಂಗಳ ಪರೀಕ್ಷೆಯಲ್ಲಿ ಅವನತಿಯ ವೇಗವು ನೂರಕ್ಕೆ ೨೭ರಷ್ಟು ಮಾತ್ರ ತಗ್ಗಿತು. ಕಳೆದುಹೋದ ಶಕ್ತಿ ಮರಳಿ ಬರಲಿಲ್ಲ. ಮಚ್ಚೆಯನ್ನು ಅಳಿಸುವುದು ಬೇರೆ, ಕಡಿದ ಎಳೆಯನ್ನು ಕೂಡಿಸುವುದು ಬೇರೆ.

೮

ಈ ವಿಚಾರವು ಭಾರತಕ್ಕೂ ಕರ್ಣಾಟಕಕ್ಕೂ ದೂರವಾದುದಲ್ಲ. ೨೦೧೩ರಲ್ಲಿ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮೊದಲಾದವರು ಬುದ್ಧಿಕ್ಷಯದ ನಾನಾ ವ್ಯಾಧಿಗಳಿದ್ದ ೬೪೮ ರೋಗಿಗಳ ವೃತ್ತಾಂತಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗವು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದೂ, ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡಿತೆಂದೂ ಪ್ರಕಟಿಸಿದರು. ಒಂದು ಭಾಷೆಯನ್ನು ತಡೆದು ಮತ್ತೊಂದನ್ನು ನಡೆಸುವ ನಿತ್ಯದ ಅಭ್ಯಾಸವು ಮೇಲೆ ಹೇಳಿದ ಅಧಿಕಾರಶಕ್ತಿಯನ್ನು ಬಲಪಡಿಸುವುದೆಂಬುದು ಅದಕ್ಕೆ ಕೊಡುವ ಸಮಾಧಾನ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇದೇ ಫಲ ದೊರೆಯದಿರುವುದರಿಂದ ವಿಷಯವು ಇನ್ನೂ ತೀರ್ಮಾನವಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರವು ೨೦೧೮ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯ ಹಳ್ಳಿಗಳಲ್ಲಿ ೪೫ ವರ್ಷಕ್ಕೆ ಮೇಲ್ಪಟ್ಟ ಸುಮಾರು ೧೦,೦೦೦ ಜನರನ್ನು ಬಹುವರ್ಷಗಳವರೆಗೆ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿತು. ಜೇಕಬ್ಸನ ಕಾಲದಿಂದ ನಗರದ ವಿದ್ಯಾವಂತರ ಮೇಲೆ ಬೆಳೆದುಬಂದ ಅಳತೆಗೋಲುಗಳು ಶಾಲೆ ಕಾಣದ ರೈತನ ಮನಸ್ಸನ್ನು ಅಳೆಯಲು ಎಷ್ಟರಮಟ್ಟಿಗೆ ತಕ್ಕುವೆಂಬ ಪ್ರಶ್ನೆ ಇಂತಹ ಕಡೆಗಳಲ್ಲಿ ತಾನಾಗಿ ಏಳುತ್ತದೆ. ಕನ್ನಡ ನುಡಿಯ ರಚನೆಯನ್ನು ಬಲ್ಲ ವಿದ್ವಾಂಸರ ನೆರವಿಲ್ಲದೆ ಅದಕ್ಕೆ ಸಮರ್ಪಕವಾದ ಉತ್ತರ ದೊರೆಯಲಾರದು.

ಕಡೆಯದಾಗಿ, ಈ ಇತಿಹಾಸದಿಂದ ಹೊರಡುವ ಫಲವು ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ. ಮನೆಯ ಹಿರಿಯರು ಒಲೆಯ ಮೇಲಿಟ್ಟುದನ್ನು ಮರೆತಾಗ, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದಾಗ, ಆಡಿದ ವಾಕ್ಯವನ್ನು ನಡುವೆಯೇ ನಿಲ್ಲಿಸಿದಾಗ, ಅದನ್ನು ಅಲಕ್ಷ್ಯವೆಂದೂ ಹಟವೆಂದೂ ನಿಂದಿಸುವುದುಂಟು. ಹಳೆಯ ಸಂಗತಿಗಳನ್ನು ನೆನೆಯುವವರಿಗೆ ಈಗಿನದು ನೆನಪಿಲ್ಲವೆಂದರೆ ಅದು ನಟನೆಯೆಂದು ಶಂಕಿಸುವುದೂ ಉಂಟು. ಉಗ್ರಾಣವೂ ಮಣೆಯೂ ಬೇರೆಬೇರೆಯೆಂಬುದು, ಒಂದು ಉಳಿದು ಇನ್ನೊಂದು ಕೆಡಬಹುದೆಂಬುದು, ಕೆಟ್ಟುದು ಮನಸ್ಸಿನ ಒಳ್ಳೆಯತನವಲ್ಲ, ಮಿದುಳಿನ ಎಳೆಗಳೆಂಬುದು ತಿಳಿದರೆ ಆ ನಿಂದೆಗೂ ಶಂಕೆಗೂ ಆಧಾರವಿಲ್ಲ. ಒಂದು ಸಲಕ್ಕೆ ಒಂದೇ ಮಾತು, ಒಂದು ಹೊತ್ತಿಗೆ ಒಂದೇ ಕೆಲಸ ಎಂಬ ನಿಯಮವು ರೋಗಿಗೆ ಎಷ್ಟು ಉಪಕಾರಕವೆಂಬುದು ಮಿಲಾನಿನ ಪರೀಕ್ಷೆಗಳಿಂದಲೇ ಊಹಿಸಬಹುದಾಗಿದೆ. ವ್ಯಾಧಿಯನ್ನು ನಿಲ್ಲಿಸುವ ಔಷಧ ದೊರೆಯುವವರೆಗೆ, ಒಳಗೆ ಸಡಿಲವಾದ ಸಂಬಂಧಗಳಿಗೆ ಹೊರಗಿನಿಂದ ಆಸರೆ ಕೊಡಬಲ್ಲವರು ಸುತ್ತಲಿನ ಮನುಷ್ಯರೇ.